ಉಷ್ಣದ ಹುಣ್ಣು

ಕುಟ್, ಕುಟ್, ಕುಟ್. ಊಟವಾದ ಮೇಲೆ ಅಕ್ಕನ ಕುಟ್ಟಾಣಿಯ ಸದ್ದು ನಮ್ಮ ಸಿಂಧನೂರಿನ ಮನೆಯ ತುಂಬ ಕೇಳುತ್ತಿತ್ತು. ಅವಳಿಗೆ ಹಲ್ಲಿರಲಿಲ್ಲ. ಎಲೆ, ಅಡಿಕೆ, ಸುಣ್ಣ ಕುಟ್ಟಿ ಮೊದಲು ನನ್ನ ಬಾಯಿಗೆ ಇಡುವಳು. ಸುಣ್ಣ ಸರಿಯಿದೆ ಎಂದರೆ ಅದೇ ಬೆರಳಿಂದ ಉಳಿದದ್ದು ತನ್ನ ಬಾಯಿಗೆ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು, ಊಟವೂ ಒಂದೇ ತಾಟಿನಲ್ಲಿ.

ಆಗ ನನಗೊಬ್ಬರು ಗೆಳೆಯರಿದ್ದರು. ಮುದಗಲ್ಲಿನವರು, ರಿಟೈರ್ಡ್ ಡ್ರಾಯಿಂಗ್ ಮಾಸ್ತರು, ಹೆಂಡತಿ ತೀರಿಕೊಂಡಿದ್ದರು. ನಡುದಾರಿಯ ಮಸ್ಕಿಯಲ್ಲಿ ಅವರದೊಂದು ಸಣ್ಣ ಮನೆಯಿತ್ತು. ಅಲ್ಲಿ ನಡೆದದ್ದು ಬಾಯಿಂದ, ಅಷ್ಟೇ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಸಿನ್ ಬಗ್ಗೆ ವಾರಕ್ಕೊಂದು ಪೀರಿಯಡ್ ತೆಗೆದುಕೊಂಡಿದ್ದರು. ಕಾಂಡೋಮ್ ಬಗ್ಗೆ ಯಾರೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಬಸಿರಿನ ಭಯವಿಲ್ಲ, ಇನ್ನೇನು ಆದೀತು ಎಂದುಕೊಂಡಿದ್ದೆ.

ಮೂರು ವಾರದ ಮೇಲೆ ಕೆಳತುಟಿಯ ಒಳಗೆ ಹುಣ್ಣಾಯಿತು. ನೋವಿಲ್ಲ, ಮುಟ್ಟಿದರೆ ಅಂಗಿಯ ಗುಂಡಿಯಂತೆ ಗಟ್ಟಿ. ನಮ್ಮ ಕಡೆ ಇಂಥ ಹುಣ್ಣಿಗೆಲ್ಲ ಒಂದೇ ಹೆಸರು, ಉಷ್ಣ. ಮಜ್ಜಿಗೆ ಕುಡಿದೆ, ಕಾಮಕಸ್ತೂರಿ ಬೀಜ ನೆನೆಸಿ ಕುಡಿದೆ. ಅಕ್ಕ ದಿನವೂ ಬೆರಳಿಂದ ಬೆಣ್ಣೆ ಸವರಿದಳು.

ಫೋನಿನಲ್ಲಿ ಇದನ್ನು ಹೇಳಿದಾಗ ಮಾಸ್ತರು, "ನನಗೂ ಕೆಳಗ ಹಂಗ ಒಂದು ಆಗಿತ್ರೀ, ನೀವು ಬರೋಕಿಂತ ಮೊದಲ. ಉಷ್ಣ ಅಂತ ಬಿಟ್ಟೆ, ತಾನಾಗೇ ಮಾಯ್ತು" ಎಂದರು.

"ನನಗಿಂತ ಮುಂಚೆ ಮತ್ತ್ಯಾರರ ಇದ್ರೇನ್ರೀ?"

"ಒಮ್ಮೆ. ರಾಯಚೂರಿನಾಗ."

ಅಂದು ನಾನು ಬೇರೆ ತಾಟಿನಲ್ಲಿ ಉಂಡೆ. ಅಕ್ಕನ ಬೆರಳು ಬಾಯಿಯ ಹತ್ತಿರ ಬಂದಾಗ ಮುಖ ತಿರುಗಿಸಿದೆ.

"ಯಾಕ ಬೇ, ಹುಟ್ಟಿದಾಗಿಂದ ಉಂಡ ಎಂಜಲ ಇವತ್ತ ಹೊಲಸಾತೇನು? ಕಾನ್ವೆಂಟು ಭಾಳ ತಡಾಗಿ ಏರೈತಿ ನೋಡು ನಿನಗ!"

ಅವಳು ನಗುತ್ತಿದ್ದಳು. ಬೆಣ್ಣೆ ಸವರುತ್ತಿದ್ದ ಆ ಬೆರಳಿನ ಉಗುರಿನ ಬದಿ ಸೀಳಿ ಹಸಿ ಗಾಯವಾಗಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ.

ಸಿಂಧನೂರಿನ ಲ್ಯಾಬಿನವರೆಲ್ಲ ನಾನು ಶಾಲೆಯಲ್ಲಿ ಕಲಿಸಿದ ಸ್ಟೂಡೆಂಟ್ಸ್. ಲಿಂಗಸುಗೂರಿನ ದವಾಖಾನೆಗೆ ಹೋದೆ, ಶುಗರ್ ಟೆಸ್ಟಿಗೆ ಹೋದಂತೆ ಖಾಲಿ ಹೊಟ್ಟೆಯಲ್ಲಿ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕನ್ನಡದಲ್ಲಿ ನಾಲಿಗೆ ಹೊರಳಲಿಲ್ಲ. "ಓರಲ್... ವಿದೌಟ್ ಪ್ರೊಟೆಕ್ಷನ್" ಎಂದೆ.

ಆಕೆ ಎದ್ದು ಬಾಗಿಲು ಮುಂದೆ ಮಾಡಿದರು. "ಬಾಯಿಂದನೂ ಬರ್ತಾವ್ರೀ ಅಮ್ಮ. ಎಚ್‌ಐವಿ ಹಂಗ ಬರೋದು ಭಾಳ ಕಡಿಮಿ. ಸಿಫಿಲಿಸ್, ಗೊನೊರಿಯಾ ಬರ್ತಾವ."

ಗಂಟಲಿಗೆ ಹತ್ತಿಕಡ್ಡಿ ಹಾಕಿದರು, ತೋಳಿನಿಂದ ರಕ್ತ ತೆಗೆದರು. ರಿಪೋರ್ಟ್ ಬರುವವರೆಗೆ ನನ್ನ ಲೋಟವನ್ನು ಅಡುಗೆಮನೆಗೆ ಒಯ್ಯಲಿಲ್ಲ.

ಗಂಟಲಲ್ಲಿ ಏನೂ ಇರಲಿಲ್ಲ. ಸಿಫಿಲಿಸ್ ಪಾಸಿಟಿವ್. ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಎಚ್‌ಐವಿ ನೆಗೆಟಿವ್, ಆದರೂ ಮೂರು ತಿಂಗಳಿಗೆ ಮತ್ತೊಮ್ಮೆ ನೋಡಬೇಕಂತೆ.

"ತಾಟು, ಲೋಟದಿಂದ ಬರಂಗಿಲ್ಲ. ಹುಣ್ಣು ಮುಟ್ಟಿದ ಅಕ್ಕನ್ನ ಒಮ್ಮೆ ಕರಕೊಂಬರ್ರಿ. ನಿಮ್ಮ ಆ ಗೆಳೆಯರನ್ನೂ ಕಳಸ್ರಿ, ತಪ್ಪಿಸಬ್ಯಾಡ್ರಿ" ಎಂದರು ಡಾಕ್ಟರಮ್ಮ.

ಅಕ್ಕನಿಗೆ ಎಲ್ಲ ಹೇಳಿದೆ. "ಅರವತ್ನಾಲ್ಕಕ್ಕ ಇದೊಂದು ಉಳದಿತ್ತೇನ ನಿನಗ?" ಎಂದಳು. ಆಮೇಲೆ, "ಬಸ್ಸು ಎಷ್ಟಕ್ಕೈತಿ?"

ಎರಡು ಸಲ ನೋಡಿದರು. ಅವಳ ರಕ್ತದಲ್ಲಿ ಏನೂ ಇರಲಿಲ್ಲ. ನನ್ನ ಮೂರು ತಿಂಗಳ ಟೆಸ್ಟೂ ನೆಗೆಟಿವ್ ಬಂತು.

ಮಾಸ್ತರು ಮಾತ್ರ ಫೋನಿನಲ್ಲಿ ಪ್ರತಿ ಸಲವೂ "ಮಾಯ್ದೈತಲ್ರೀ" ಎನ್ನುತ್ತಿದ್ದರು. ಕೊನೆಗೆ ಮಸ್ಕಿ ಬಸ್‌ಸ್ಟ್ಯಾಂಡಿಗೆ ಕರೆಸಿ, ಡಾಕ್ಟರು ಬರೆದುಕೊಟ್ಟ ಚೀಟಿ ಕೈಗಿಟ್ಟೆ.

"ಮಾಯ್ದಂಗ ಕಾಣ್ತೈತ್ರೀ, ಒಳಗ ಇರ್ತೈತಿ. ಕಣ್ಣಿಗೆ, ತಲಿಗೆ ಏರತೈತಂತ."

"ಈ ವಯಸ್ಸಿನಾಗ ಆ ದವಾಖಾನಿ ಬಾಗಲದಾಗ ನಿಂದರಲೇನ್ರೀ?"

"ನಾ ನಿಂತೀನಲ್ರೀ."

ಮುದಗಲ್ ಬಸ್ಸು ಬಂತು. ಲಿಂಗಸುಗೂರಿನಲ್ಲಿ ನಿಂತೇ ಹೋಗುವ ಬಸ್ಸು. ಅಲ್ಲಿ ಇಳಿದರೆ ಸಾಕು. ಅವರು ಕಿಟಕಿಯ ಬದಿಗೆ ಕೂತು, ಚೀಟಿಯನ್ನು ಓದದೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅವರನ್ನು ನೋಡಿದ್ದು ಅದೇ ಕೊನೆ. ಲಿಂಗಸುಗೂರಿನಲ್ಲಿ ಇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ.