ಹೊರುವವನಿಗೆ ಬೇಕಾದಷ್ಟೇ

ಟಕ್, ಟಕ್, ಟಕ್. ಮೂರು ಸಲ ಸದ್ದು ಮಾಡಿ ಕೀಲಿಮಣೆ ಸುಮ್ಮನಾಯಿತು. ಬೀಗದಕ್ಕನ ಬೆರಳು ಹಾಗೆ ನಡುವೆ ನಿಂತದ್ದನ್ನು ರಕ್ತನಿಧಿಯ ಸಿಸ್ಟರ್ ಹತ್ತು ವರ್ಷದಲ್ಲಿ ಕಂಡಿರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ದಾಖಲೆಗಳನ್ನೆಲ್ಲ ಕಾಯುವವಳು ಬೀಗದಕ್ಕ. ಹೆಸರಿಟ್ಟವರು ಯಾರೋ, ಒಪ್ಪಿದವರು ಎಲ್ಲರೂ. ಸ್ವಂತ ತಂಗಿ ಇಲ್ಲೇ ಮಲಗಿದ್ದಾಗಲೂ ಅವಳ ವರದಿಗಾಗಿ ಮಿಕ್ಕವರ ಹಾಗೆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು.

ಮಧ್ಯಾಹ್ನ ಹನ್ನೆರಡಕ್ಕೆ ರಿಪೇರಿಗೆಂದು ಈ ಕಟ್ಟಡದ ಕರೆಂಟು ತೆಗೆಯುವವರಿದ್ದರು. ಆಮೇಲೆ ರಸ್ತೆಯಾಚೆಯ ಕಟ್ಟಡದಲ್ಲಿರುವ ದಾಖಲೆಗಳ ನಕಲೇ ಗತಿ. ಇಲ್ಲಿ ಬರೆದದ್ದು ಆ ಕ್ಷಣವೇ ಅಲ್ಲಿಯೂ ಮೂಡಬೇಕು. ಆದರೆ ನಕಲು ನಿನ್ನೆ ಸಂಜೆಗೇ ನಿಂತಿತ್ತು. ಬೆಳಿಗ್ಗೆಯಿಂದ ನಲವತ್ತು ಚೀಲ ರಕ್ತ ಬಂದು ಹೋಗಿದೆ. ಆ ಲೆಕ್ಕ ಅಲ್ಲಿ ಕಾಣದಿದ್ದರೆ ಒಂದು ಗಂಟೆಗಿರುವ ಹೆರಿಗೆಯ ಆಪರೇಶನ್ನಿಗೆ ಸಿಸ್ಟರ್ ಕಣ್ಣು ಕಟ್ಟಿಕೊಂಡು ಚೀಲ ಆರಿಸಬೇಕಾದೀತು.

ತಪ್ಪು ಬೀಗದಕ್ಕನ ಕೈಯಿಂದಲೇ ಆಗಿತ್ತು. ಕೆಲಸ ಕಲಿಸಿದ ಹಿರಿಯರು ನಿನ್ನೆ ನಿವೃತ್ತರಾಗಿದ್ದರು. ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ನಿಯಮದಂತೆ ಅವರ ಖಾತೆ ಮುಚ್ಚಿದ್ದಳು. ಎಂದೋ ಅವಸರದಲ್ಲಿ ನಕಲಿನ ಕೆಲಸವನ್ನು ಅವರು ತಮ್ಮ ಹೆಸರಿಗೇ ಅಂಟಿಸಿಟ್ಟದ್ದು ಅವಳಿಗೆ ತಿಳಿದಿರಲಿಲ್ಲ. ಖಾತೆಯ ಜೊತೆ ನಕಲೂ ನಿಂತುಹೋಗಿತ್ತು.

ಪಕ್ಕದಲ್ಲೇ ನಿಂತಿದ್ದ ಮೇಲಧಿಕಾರಿ ಗಡಿಯಾರ ನೋಡಿದರು. "ನನ್ನ ಹೆಸರಿಗೆ ಎಲ್ಲ ಅಧಿಕಾರ ಇದೆಯಲ್ಲಮ್ಮ, ಅದನ್ನೇ ಹಾಕಿ ಮುಗಿಸಿ."

"ನೀವೂ ಒಂದಿನ ನಿವೃತ್ತರಾಗ್ತೀರಲ್ಲ ಸರ್."

ಅವಳು ಯಾರ ಹೆಸರೂ ಇಲ್ಲದ ಹೊಸ ಖಾತೆ ತೆರೆದಳು. ಅದು ಬರೆಯುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ಇಲ್ಲಿಯದನ್ನು ಅಲ್ಲಿಗೆ ಹೊತ್ತೊಯ್ಯುವುದಷ್ಟೇ ಅದರ ಪಾಲು. ಅದೂ ಎದುರು ಕಟ್ಟಡದ ಆ ಒಂದು ಯಂತ್ರ ಕೇಳಿದರೆ ಮಾತ್ರ.

ಇಷ್ಟೇ ಸಾಕೇ ಎಂದು ಸಿಸ್ಟರ್ ಅಳುಕುತ್ತ ಕೇಳಿದರು.

"ಹೊರೋನಿಗೆ ಗಂಟು ಬಿಚ್ಚೋ ಹಕ್ಕು ಯಾಕೆ ಸಿಸ್ಟರ್?"

ಪರದೆಯ ಮೇಲೆ ನಕಲು ಹದಿನೇಳು ಗಂಟೆ ಹಿಂದಿತ್ತು. ನೋಡುತ್ತಿದ್ದಂತೆ ಹತ್ತಾಯಿತು, ಎರಡಾಯಿತು, ಸೊನ್ನೆಯಾಯಿತು. ಸಿಸ್ಟರ್ ಕಿಟಕಿಯತ್ತ ತಿರುಗಿದರು. ರಸ್ತೆಯಲ್ಲಿ ಒಬ್ಬ ಮುದುಕ ಕೊಡೆ ಬಿಚ್ಚುತ್ತಿದ್ದ. ಅವನ ತಲೆಯ ಮೇಲೋ ಕಾಲಡಿಯೋ, ಒಂದಿಡೀ ರಾತ್ರಿಯ ಹುಟ್ಟುಗಳು, ಸಾವುಗಳು, ನಲವತ್ತು ಚೀಲ ರಕ್ತದ ಲೆಕ್ಕ ಸದ್ದಿಲ್ಲದೆ ದಾಟಿಹೋಗಿದ್ದವು. ಒಂದಕ್ಷರವೂ ಚೆಲ್ಲಿರಲಿಲ್ಲ.

ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು. ಮೇಲಧಿಕಾರಿ ಬೆವರೊರೆಸಿಕೊಂಡರು. "ಗೆದ್ದಿರಿ ಬಿಡಿ. ಆದ್ರೆ ಆ ಹೊಸ ಖಾತೆಯ ಪಾಸ್‌ವರ್ಡು ನನಗೊಂದು ಚೀಟೀಲಿ ಬರೆದು..."

ಬೀಗದಕ್ಕ ಆಗಲೇ ಚಪ್ಪಲಿ ಮೆಟ್ಟಿ, ಎದುರು ಕಟ್ಟಡದ ಪರದೆಯನ್ನು ಕಣ್ಣಾರೆ ನೋಡಿ ಬರಲು ಮೆಟ್ಟಿಲಿಳಿಯುತ್ತಿದ್ದಳು.