ಭಾವ ಸಿಕ್ ಮಾಡಿದ ಗಾಡಿಗಳು

ನಮ್ಮ ರೈಲ್ವೆ ಯಾರ್ಡಿನಲ್ಲಿ ಮನುಷ್ಯರಷ್ಟೇ ಅಲ್ಲ, ವ್ಯಾಗನ್ನುಗಳೂ ಸಿಕ್ ಆಗುತ್ತವೆ. ನಮಗೆ ಸಿಕ್ ಲೀವು, ಅವಕ್ಕೆ ರಿಪೇರಿಗೆಂದು ನಿಲ್ಲಿಸುವ ಸಿಕ್ ಲೈನು. ಅಕ್ಕನ ಗಂಡ, ಅಂದರೆ ನನ್ನ ಭಾವ, ಆ ವ್ಯಾಗನ್ನುಗಳ ಡಾಕ್ಟರು. ಗಾಲಿಗೆ ಸುತ್ತಿಗೆಯಿಂದ ಒಂದೇಟು ಹಾಕಿ ಕಿವಿಗೊಡುವರು. ಠಣ್ ಎಂದರೆ ಫಿಟ್. ಡಬ್ ಎಂದರೆ ಒಳಗೆ ಬಿರುಕು. ಅವರು "ಸಿಕ್" ಎಂದ ಕೂಡಲೇ ಅವರ ಸಹಾಯಕನಾದ ನಾನು ವ್ಯಾಗನ್ನಿನ ಮೇಲೆ ಸೀಮೆಸುಣ್ಣದಲ್ಲಿ ಹಾಗೇ ಬರೆಯಬೇಕು; ಆಮೇಲೆ ಆ ಗಾಡಿ ಕದಲುವಂತಿಲ್ಲ. ಬಿರುಕನ್ನು ಗಮನಿಸದೆ ಕಳಿಸಿದರೆ ದಾರಿಯಲ್ಲಿ ಗಾಲಿ ಮುರಿದು ಜೀವಗಳು ಹೋಗುತ್ತವೆ.

ಮೂವತ್ತೊಂದು ವರ್ಷದಲ್ಲಿ ಭಾವ ಒಂದು ದಿನವೂ ಸಿಕ್ ಲೀವ್ ಹಾಕಿದವರಲ್ಲ. ನಾನೋ, ಸೀನು ಬಂದರೂ ಹಾಕುವ ಗಿರಾಕಿ. "ಮೈಗಳ್ಳ, ನಿನ್ನನ್ನೇ ಸಿಕ್ ಲೈನಿಗೆ ತಳ್ಳಬೇಕು ಕಣೋ" ಎಂದು ರೇಗಿಸುವರು. ಕಳೆದ ವಾರವೂ ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಬಿದ್ದುಕೊಂಡಿದ್ದೆ. ಮರುದಿನ ಹೋದರೆ ಯಾರ್ಡಿನಲ್ಲಿ ರಂಪವೋ ರಂಪ. ಈ ಸಲ ಬದಲಿ ಆಳೂ ಸಿಗದೆ ಒಬ್ಬರೇ ಕೆಲಸಕ್ಕಿಳಿದಿದ್ದ ಭಾವ ನಲವತ್ತೆರಡು ವ್ಯಾಗನ್ನಿಗೂ ಸಿಕ್ ಎಂದು ಬರೆದುಬಿಟ್ಟಿದ್ದರು. ಸಾಹೇಬರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಭಾವ ತಲೆ ತಗ್ಗಿಸಿ ನಿಂತಿದ್ದರು.

ಅವರನ್ನು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದೆ. "ತಲೆಗಿಲೆ ಕೆಟ್ಟಿದೆಯಾ ಭಾವ ನಿಮಗೆ?"

"ನನಗೆ ಗಾಲಿ ಸದ್ದು ಕೇಳಿಸಲ್ಲ ಕಣೋ. ಎರಡು ವರ್ಷ ಆಯ್ತು. ಎದುರಿಗೆ ನಿಂತು ಮಾತಾಡಿದ್ರೆ ಹೇಗೋ ಗೊತ್ತಾಗುತ್ತೆ, ಅದು ಮಾತ್ರ ಇಲ್ಲ. ಕೆಲಸದಿಂದ ತೆಗೀತಾರೆ ಅಂತ ನಿಮ್ಮಕ್ಕನಿಗೂ ಹೇಳಿಲ್ಲ."

"ಮತ್ತೆ ಇಷ್ಟು ದಿನ?"

"ಬಡಿದು ನಿನ್ನ ಮುಖ ನೋಡ್ತಿದ್ದೆ. ನೀನು ಹುಬ್ಬು ಗಂಟಿಕ್ಕಿದ್ರೆ ಸಿಕ್ ಅಂತಿದ್ದೆ, ಇಲ್ಲಾಂದ್ರೆ ಫಿಟ್. ನೀನು ರಜೆ ಹಾಕಿದಾಗ ಬದಲಿ ಆಳಿನ ಮುಖ. ನಿನ್ನೆ ಇಬ್ಬರೂ ಇರಲಿಲ್ಲ. ಒಂದನ್ನೂ ಬಿಡೋಕೆ ಧೈರ್ಯ ಬರಲಿಲ್ಲ."

ನಾನೆಲ್ಲಿ ಸದ್ದು ಕೇಳಿದವನು? ಕೇಳಲು ಭಾವ ಇದ್ದಾರಲ್ಲ ಎಂದು ಹಾಯಾಗಿದ್ದೆ. ಅವರು ಸುತ್ತಿಗೆ ಬೀಸುವಾಗ ನನಗೆ ಚಹಾದ ಯೋಚನೆ, ಹೆಂಡತಿ ಜೊತೆ ಆದ ಜಗಳದ ಯೋಚನೆ. ಹುಬ್ಬು ಗಂಟಾಗುತ್ತಿದ್ದುದು ಬಿಸಿಲಿಗೆ, ಹಲ್ಲುನೋವಿಗೆ. ಅಯ್ಯೋ, ನನ್ನಂಥ ಪಾಪಿ ಇನ್ನೊಬ್ಬನಿಲ್ಲ.

"ನೀನು ಸರಿಯಾಗಿ ಕೇಳಿಸ್ಕೊಳ್ತಿದ್ದೆ ತಾನೆ?" ಎಂದು ಭಾವ ಕೇಳಿದರು.

"ಹೂಂ ಭಾವ. ಒಂದೊಂದನ್ನೂ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಆ ಮುಖ ಓದುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೆಲ್ಲಗೆ ಜಲ್ಲಿಯ ಮೇಲೆ ಕುಸಿದು ಕೂತರು.

"ಎರಡು ವರ್ಷದಲ್ಲಿ ಎಷ್ಟು ಗಾಡಿ ಬಿಟ್ವೋ" ಎಂದರು. "ಎಲ್ಲೆಲ್ಲಿ ಓಡ್ತಿವೆಯೋ ಈಗ."