ಹಿದಾಯತ್ ಆಟೋದ ಮೂರು ಟ್ರಿಪ್ಪು

ಆವರಗೆರೆಯಿಂದ ಕೆ.ಬಿ. ಬಡಾವಣೆಯ ಶಾಲೆಗೆ ಹದಿನೆಂಟು ವರ್ಷ ಮಕ್ಕಳನ್ನು ಕರೆದೊಯ್ದ ಹಿದಾಯತ್‌ಗೆ ಅವರ ಪಾಠವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಗೊತ್ತು. ಯಾರಿಗೆ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ, ಯಾರಿಗೆ ಪರೀಕ್ಷೆಯ ದಿನವೇ ಹೊಟ್ಟೆನೋವು ಬರುತ್ತದೆ, ಯಾರ ಶೂ ಲೇಸು ಇವನೇ ಕಟ್ಟಬೇಕು, ಎಲ್ಲ. ಎಂಟು ಮಕ್ಕಳು, ಎಂಟು ಬ್ಯಾಗು ಆ ಆಟೋದಲ್ಲಿ ಹೇಗೆ ಹಿಡಿಸುತ್ತವೆ ಎನ್ನುವುದು ಮಾತ್ರ ಟ್ರಾಫಿಕ್ ಪೊಲೀಸರಿಗೂ ಬಗೆಹರಿದಿರಲಿಲ್ಲ.

ಕೊರೊನಾದಿಂದ ಒಂದೂವರೆ ವರ್ಷ ಮುಚ್ಚಿದ್ದ ಸಣ್ಣ ತರಗತಿಗಳು ಆ ಅಕ್ಟೋಬರ್ ಕೊನೆಗೆ ತೆರೆಯುವುದೆಂದಾಯಿತು. ಪೋಷಕರ ಸಭೆಗೆ ಹಿದಾಯತ್‌ನನ್ನೂ ಕರೆದಿದ್ದರು. ಒಂದೊಂದು ತರಗತಿಯೂ ಒಂದೊಂದು ‘ಬಬಲ್’, ಅಂದರೆ ಗುಳ್ಳೆ, ಎಂದು ಹೆಡ್‌ಮಿಸ್ಸು ವಿವರಿಸಿದರು. ಆ ಗುಂಪಿನ ಮಕ್ಕಳು ತಮ್ಮತಮ್ಮಲ್ಲೇ ಕೂತು, ತಿಂದು, ಆಡಬೇಕು. ಬೇರೆ ಗುಂಪಿನವರ ಹತ್ತಿರ ಸುಳಿಯಬಾರದು. ಬರುವ ಹೋಗುವ ಹೊತ್ತೂ ಬೇರೆ ಬೇರೆ. ಸೋಪಿನ ಗುಳ್ಳೆಯನ್ನು ಒಡೆಯದೆ ಬಿಟ್ಟ ಮಗುವನ್ನು ಹಿದಾಯತ್ ಅಲ್ಲಿಯವರೆಗೆ ಕಂಡಿರಲಿಲ್ಲ, ಆದರೂ ತಲೆಯಾಡಿಸಿದ. ತಾಯಂದಿರು ಕೇಳಿದ್ದೇ ಕೇಳಿದ್ದು. ಮಾಸ್ಕ್ ಕಳಕೊಂಡರೆ? ನೀರು ಖಾಲಿಯಾದರೆ? ಒಂದು ಮಗು ಕೆಮ್ಮಿದರೆ ಇಡೀ ಗುಂಪೇ ಮನೆಗಾ? ನಗುವಂಥ ಪ್ರಶ್ನೆ ಒಂದೂ ಇರಲಿಲ್ಲ. ಹೆತ್ತ ಕರುಳಲ್ಲವೇ.

ಆಗ ಆವರಗೆರೆಯವರೇ ಆದ ನಾಗರಾಜಪ್ಪ ಎದ್ದು ನಿಂತರು. ಅವರ ಮಗಳೂ ಹಿದಾಯತ್ ಆಟೋದಲ್ಲೇ ಬರುತ್ತಿದ್ದಳು.

“ಇಲ್ಲಿ ಬ್ಯಾರೆ ಬ್ಯಾರೆ ಕೂಡ್ರಿಸ್ತೀರಿ, ಸರಿ ಮೇಡಂ. ಆಟೋದಾಗ ಎಲ್ಲಾ ಒಟ್ಟಿಗೆ ಬರ್ತಾವಲ್ಲ? ಅದೂ ಕೊರೊನಾ ಪೇಷೆಂಟ್ ಸಾಗಿಸಿದ ಆಟೋ. ಹತ್ತು ಜನನ್ನ ಒಯ್ದಾನಂತೆ.”

ಎಲ್ಲರೂ ಹಿದಾಯತ್‌ನ ಕಡೆ ತಿರುಗಿದರು. ಅವನು ಒಯ್ದಿದ್ದು ಒಬ್ಬರನ್ನು. ಮೇ ತಿಂಗಳಲ್ಲಿ ಆವರಗೆರೆಯ ವಾಮದೇವಪ್ಪನವರಿಗೆ ಉಸಿರು ಕಟ್ಟಿ, ಆಂಬುಲೆನ್ಸಿನವರು ಫೋನೇ ಎತ್ತದಿದ್ದಾಗ, ಅವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದ. ಮೂರನೇ ದಿನ ಅವರು ತೀರಿಕೊಂಡರು. ಊರ ಬಾಯಲ್ಲಿ ಒಂದು ಹತ್ತಾಗಲು ಎಷ್ಟು ಹೊತ್ತು? ನಿಜ ಹೇಳಬಹುದಿತ್ತು. ಹೇಳಿದರೆ ಸತ್ತವರ ಹೆಸರು ಸಭೆಗೆ ಬರುತ್ತದೆ, ಮೂರನೇ ತರಗತಿಯಲ್ಲಿರುವ, ಇವನ ಆಟೋದಲ್ಲೇ ಹೋಗುತ್ತಿದ್ದ ಅವರ ಮೊಮ್ಮಗಳು ಕೃತಿಕಾಳನ್ನು ಜನ ಬೆರಳು ಮಾಡಿ ತೋರಿಸುತ್ತಾರೆ. ಹಿದಾಯತ್ ಎದ್ದು ನಿಂತ. “ಗುಂಪಿಗೊಂದು ಟ್ರಿಪ್ ಮಾಡ್ತೀನ್ರಿ ಮೇಡಂ” ಎಂದಷ್ಟೇ ಹೇಳಿ ಕುಳಿತ.

ಎಂಟರಲ್ಲಿ ನಾಲ್ಕು ಮಕ್ಕಳು ಉಳಿದರು. ಆ ನಾಲ್ವರಿಗೇ ಮೂರು ಟ್ರಿಪ್ಪು, ಪ್ರತಿ ಟ್ರಿಪ್ಪಿಗೂ ಸೀಟು ಒರೆಸುವುದು. ಅದೆಲ್ಲ ಅವನಿಗೆ ಭಾರವಾಗಲಿಲ್ಲ. ಭಾರವಾಗಿದ್ದು ಒಂದೇ: ಕೃತಿಕಾಳ ಮನೆ ಮುಂದೆ ಆಟೋ ನಿಲ್ಲಿಸಬೇಕೋ ಬೇಡವೋ?

ಆ ಹುಡುಗಿಯ ಅಪ್ಪ ಬಕ್ಕೇಶ್ ಹರಿಹರಕ್ಕೆ, ಅಮ್ಮ ಮಲೆಬೆನ್ನೂರಿಗೆ, ಇಬ್ಬರೂ ಮೊದಲ ಬಸ್ಸಿಗೇ ಕೆಲಸಕ್ಕೆ ಹೋಗುವವರು. ಆಟೋ ನಿಂತರೆ ಮಗುವಿಗೆ ಶಾಲೆ, ಇಲ್ಲದಿದ್ದರೆ ಇಲ್ಲ. ಆದರೆ ಮನೆಯಲ್ಲಿರುವವರು ವಾಮದೇವಪ್ಪನವರ ಹೆಂಡತಿ ಕಸ್ತೂರಮ್ಮ.

“ಈ ಗಾಡಿ ಕಂಡ್ರೆ ಆ ತಾಯಿ ಕರುಳು ಕಿತ್ತು ಬರಲ್ವಾ?” ಎಂದು ಹೆಂಡತಿ ನೂರ್ಜಹಾನಳ ಮುಂದೆ ಹೇಳಿಕೊಂಡ.

“ಹೋಗಿ ಒಂದು ಮಾತು ಕೇಳ್ರಿ. ಕೇಳಿದ್ರೆ ಬಾಯಿ ಸವೆಯುತ್ತಾ?” ಎಂದಳು ಅವಳು.

ಕೇಳಲಿಲ್ಲ. ದಿನಾ ಬೆಳಿಗ್ಗೆ ಮೂರು ಸಲ ಆ ಮನೆಯ ಮುಂದೆ, ಸದ್ದು ಮಾಡದೆ, ಮುಖ ಆಚೆ ತಿರುಗಿಸಿಕೊಂಡು ಹಾದುಹೋದ. ಪುಣ್ಯಾತ್ಮ ಒಂದೇ ಒಂದು ಸಲ ಈಚೆ ತಿರುಗಿದ್ದರೂ ಸಾಕಿತ್ತು, ಯೂನಿಫಾರ್ಮ್ ತೊಟ್ಟು ಬಾಗಿಲಲ್ಲಿ ನಿಂತ ಹುಡುಗಿ ಕಾಣುತ್ತಿದ್ದಳು.

ಒಂಬತ್ತನೇ ದಿನ ಮೂರನೇ ಟ್ರಿಪ್ಪಿನಲ್ಲಿ ಕೃತಿಕಾಳ ತರಗತಿಯ ಮುಬಶ್ಶಿರಾಳನ್ನು ಕೂರಿಸಿಕೊಂಡು ಬರುವಾಗ ಕಸ್ತೂರಮ್ಮ ರಸ್ತೆಯ ನಡುವೆಯೇ ನಿಂತಿದ್ದರು, ಮೊಮ್ಮಗಳ ಕೈ ಹಿಡಿದು.

“ಏನಪ್ಪ ಹಿದಾಯತ್, ಒಂಬತ್ತು ದಿನದಿಂದ ಈ ಹುಡುಗಿ ಬ್ಯಾಗ್ ಹಾಕ್ಕಂಡು ಕಾಯ್ತೈತೆ. ನಮ್ಮನಿ ಮ್ಯಾಲೆ ಸಿಟ್ಟೇನು?”

“ಸಿಟ್ಟಾ! ಎಂಥಾ ಮಾತು ಅಮ್ಮಾರ. ಈ ಗಾಡಿ ನೋಡಿದ್ರೆ ನಿಮಗೆ ಸಂಕಟ ಆಗ್ತೈತೆ ಅಂತ…”

“ಅಯ್ಯೋ ಮಾರಾಯ! ಅವತ್ತಿಂದ ನೀನು ಹದಿನಾಲ್ಕು ದಿನ ಮನ್ಯಾಗೆ ಕುಂತಿದ್ದೆ. ಹೆಂಗದಿಯಾ ಅಂತ ಕೇಳಾಕೂ ಬರಲಿಲ್ಲ ನಾವು. ಯಾವ ಮುಖ ಇಟ್ಕಂಡು ಬಾ ಅಂತ ಕರೀಲಿ ಅಂತ ಬಕ್ಕೇಶ ಸುಮ್ಮನಾದ. ನೀನು ನೋಡಿದ್ರೆ ಮುಖ ತಿರುಗಿಸ್ಕಂಡು ಹೋಗ್ತಿ.”

ಹಿದಾಯತ್‌ಗೆ ಅಳು, ನಗು ಎರಡೂ ಬಂದವು. ಕೃತಿಕಾ ಹತ್ತಿದಳು. ಹಿಂದೆಯೇ ಕಸ್ತೂರಮ್ಮನೂ ಹತ್ತಿದರು. “ನಾನೂ ಸಾಲಿ ತನಕ ಬರ್ತೀನಿ. ಸ್ವಲ್ಪ ಕೆಲಸ ಐತೆ.”

ಗೇಟಿನಲ್ಲಿ ಮಕ್ಕಳ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಿದ್ದರು. ಮಗಳನ್ನು ಕಾರಿನಲ್ಲಿ ತಂದು ಬಿಟ್ಟ ನಾಗರಾಜಪ್ಪ ಇತರ ಪೋಷಕರೊಂದಿಗೆ ನಿಂತಿದ್ದರು. ಸಭೆಯ ಮಾತೆಲ್ಲ ಕಸ್ತೂರಮ್ಮನ ಕಿವಿಗೆ ಆಗಲೇ ಬಿದ್ದಿತ್ತು.

“ನಾಗರಾಜಪ್ಪ, ಹತ್ತು ಜನ ಅಲ್ಲಪ್ಪ, ಒಬ್ರೇ. ನಮ್ಮನಿಯವರು.”

ನಾಗರಾಜಪ್ಪನ ಮುಖ ಸಣ್ಣದಾಯಿತು. “ಮಕ್ಕಳ ವಿಷಯ ನೋಡ್ರಿ ಅಮ್ಮಾರ, ಭಯ ಇರ್ತೈತೆ…”

“ನಿನ್ನ ಬೈಯಾಕೆ ಬಂದಿಲ್ಲ. ಭಯ ಯಾರಿಗಿರಲಿಲ್ಲ? ಅವತ್ತು ಅವರು ಆಟೋದಾಗ ಕುಂತು ನನ್ನ ಕಡೆ ಕೈ ಚಾಚಿದ್ರು. ನಲವತ್ತೈದು ವರ್ಷ ಬಾಳ್ವೆ ಮಾಡಿದಾಕಿ, ನಾನೇ ಹತ್ತಲಿಲ್ಲ. ಹೆಂಡ್ತಿ ಹತ್ತಲಾರದ ಗಾಡಿನ ಈತ ಓಡಿಸ್ದ.”

ಕಸ್ತೂರಮ್ಮ ಆಟೋದ ಹತ್ತಿರ ಬಂದು ಒಳಗೆ ನೋಡುತ್ತಾ ನಿಂತರು.

“ಹಿದಾಯತ್, ಅವತ್ತು ಅವರು ಯಾವ ಕಡೆ ಕುಂತಿದ್ರು?”

ಅವನು ಎಡಗಡೆಯ ಮೂಲೆ ತೋರಿಸಿದ. ಕಸ್ತೂರಮ್ಮ ಹತ್ತಿ ಅಲ್ಲೇ ಕುಳಿತು, “ಈಗ ನಡಿಯಪ್ಪ” ಎಂದರು.